ಆಮ್ಲಜನಕದಲ್ಲಿ ಆಮ್ಲ ಎಲ್ಲಿದೆ ಮೇಷ್ಟ್ರೇ?

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಒಂದೇ ಪಾಠದ ಮೇಲೆ. ಹತ್ತನೇ ಕ್ಲಾಸಿನ ಸೈನ್ಸಲ್ಲಿ ಎರಡನೇ ಪಾಠಾನೇ ಆಮ್ಲ, ಪ್ರತ್ಯಾಮ್ಲ, ಲವಣ, ಹಾಗಾಗಿ ಶಾಲೆ ಶುರುವಾಗಿ ಸ್ವಲ್ಪ ದಿನಕ್ಕೇ ಈ ಗಲಾಟೆ ಶುರುವಾಗುತ್ತೆ, ನನ್ನ ಸರ್ವಿಸ್ ಪೂರ್ತಿ ಇದೇ ಕಥೆ. ಎಲ್ಲದಕ್ಕೂ ಉತ್ತರ ಬರೆಯೋಕೆ ಜಾಗ ಇಲ್ಲ, ಕೆಲವನ್ನ ಆರಿಸ್ಕೊಂಡಿದೀನಿ.

ಪ್ರಶ್ನೆ: ನಮ್ಮದು ಸಣ್ಣ ಶಾಲೆ ಸಾರ್. ಲ್ಯಾಬ್ ಅಂದ್ರೆ ಒಂದು ಬೀರು ಅಷ್ಟೇ. ಅದರಲ್ಲಿರೋ ಲಿಟ್ಮಸ್ ಕಾಗದ (ಆಮ್ಲಾನೋ ಪ್ರತ್ಯಾಮ್ಲಾನೋ ಅಂತ ಬಣ್ಣ ಬದಲಿಸಿ ಹೇಳೋದು) ತೇವ ತಗೊಂಡು ಯಾವ ಬಣ್ಣ ಅಂತಾನೇ ಗೊತ್ತಾಗಲ್ಲ. ಬೀಟ್ರೂಟ್ ರಸದಲ್ಲಿ ಮಾಡಿ ಅಂತ ಯಾರೋ ಹೇಳಿದ್ರು, ಮಾಡಿದೆ, ಮಕ್ಕಳ ಮುಂದೆ ಮರ್ಯಾದೆ ಹೋಯ್ತು, ಬಣ್ಣಾನೇ ಬದಲಾಗಲಿಲ್ಲ. ಏನು ಮಾಡ್ಲಿ?
(ಒಬ್ಬ ಶಿಕ್ಷಕಿ, ಸಾಗರ ತಾಲ್ಲೂಕು)

ಬೀಟ್ರೂಟನ್ನ ನಂಬ್ಕೊಂಡು ಮೋಸ ಹೋದವರಲ್ಲಿ ನೀವು ಮೊದಲನೆಯವರಲ್ಲ ಮೇಡಂ, ನಾನೂ ಒಬ್ಬ. ಅದರ ಕೆಂಪು ಬೇರೆ ಜಾತಿ ಬಣ್ಣ, ಬೀಟಲೇನ್ ಅಂತ, ಅದು ನಿಂಬೆರಸಕ್ಕೂ ಸೋಪಿನ ನೀರಿಗೂ ಹೆಚ್ಚುಕಮ್ಮಿ ಅದೇ ಕೆಂಪಲ್ಲೇ ಕೂತಿರುತ್ತೆ, ತೀರಾ ಖಡಕ್ ಪ್ರತ್ಯಾಮ್ಲ ಹಾಕಿದ್ರೆ ಮಾತ್ರ ಹಳದಿಗೆ ತಿರುಗುತ್ತೆ. ನಮಗೆ ಬೇಕಾಗಿರೋದು ಆಂಥೋಸಯನಿನ್ ಅನ್ನೋ ಬಣ್ಣ ಇರೋ ಹೂವು ಹಣ್ಣು, ಅದು ನಿಮ್ಮ ಶಾಲೆ ಬೇಲೀಲೇ ಇರುತ್ತೆ.

ಕೆಂಪು ದಾಸವಾಳ ತಗೊಳ್ಳಿ, ಬಿಳಿ ಆಗಲ್ಲ. ನಾಲ್ಕೈದು ಹೂವಿನ ಎಸಳು ಕಿತ್ತು ಬಿಸಿನೀರಲ್ಲಿ ಹತ್ತು ನಿಮಿಷ ಬಿಟ್ಟು ಸೋಸಿ. ಆ ನೀರಿಗೆ ನಿಂಬೆರಸ ಬಿಟ್ರೆ ಕಡು ಗುಲಾಬಿ, ಸುಣ್ಣದ ತಿಳಿನೀರು ಬಿಟ್ರೆ ಹಸಿರು. ಶಂಖಪುಷ್ಪ ಸಿಕ್ಕರಂತೂ ಹಬ್ಬ: ನೀಲಿ ನೀರು, ನಿಂಬೆಗೆ ನೇರಳೆ, ಸೋಡಾಪುಡಿಗೆ ಹಸಿರು ಬೆರೆತ ನೀಲಿ, ಸುಣ್ಣಕ್ಕೆ ಹಸಿರು. ಅಂದ್ರೆ ಬರೀ ಆಮ್ಲಾನಾ ಅಲ್ವಾ ಅಂತಲ್ಲ, ಎಷ್ಟು ಅನ್ನೋದನ್ನೂ ಒಂದು ಮಟ್ಟಿಗೆ ಹೇಳುತ್ತೆ, ಲಿಟ್ಮಸ್ಸಿಗೆ ಆ ಯೋಗ್ಯತೆ ಇಲ್ಲ. ಕರಾವಳಿ ಕಡೆಯವರು ಪುನರ್ಪುಳಿ ರಸದಲ್ಲೂ ಮಾಡಬಹುದು, ಆದ್ರೆ ಅದು ಮೊದಲೇ ಹುಳಿ, ಸೋಡಾ ಹಾಕಿದ ತಕ್ಷಣ ನೊರೆ ಉಕ್ಕುತ್ತೆ, ದೊಡ್ಡ ಲೋಟ ಇಟ್ಕೊಳ್ಳಿ. ಒಂದು ಮಾತು, ಈ ಹೂವಿನ ನೀರು ಇವತ್ತು ಮಾಡಿದ್ದು ನಾಳೆಗೆ ಕೆಟ್ಟು ಕಂದಾಗುತ್ತೆ. ದಪ್ಪ ಬಿಳಿ ಕಾಗದ ಅದ್ದಿ ನೆರಳಲ್ಲಿ ಒಣಗಿಸಿ ಪಟ್ಟಿ ಮಾಡಿ ಡಬ್ಬೀಲಿಟ್ರೆ ಸ್ವಲ್ಪ ದಿನ ಬರುತ್ತೆ.

ಇನ್ನು ಅರಿಶಿನ. ಇದನ್ನ ಎಲ್ಲರೂ ನೀರಲ್ಲಿ ಕಲಸಿ ಕೂರ್ತಾರೆ, ಅರಿಶಿನದ ಬಣ್ಣ ನೀರಲ್ಲಿ ಸರಿಯಾಗಿ ಕರಗಲ್ಲ, ಸ್ಪಿರಿಟ್ಟಲ್ಲಿ ಕರಗುತ್ತೆ, ಕೊರೋನಾ ಕಾಲದ ಸ್ಯಾನಿಟೈಸರ್ ಬಾಟ್ಲಿ ಯಾವುದಾದ್ರೂ ಮೂಲೇಲಿದ್ರೆ ಈಗ ಅದರ ಕಾಲ ಬಂತು ಅನ್ಕೊಳ್ಳಿ (ಹತ್ರ ಬೆಂಕಿ ಮಾತ್ರ ಬೇಡ). ಅದರಲ್ಲಿ ಅರಿಶಿನ ಕಲಸಿ ಕಾಗದಕ್ಕೆ ಬಳಿದು ಒಣಗಿಸಿದ್ರೆ ಹಳದಿ ಪಟ್ಟಿ ರೆಡಿ, ಸೋಪಿನ ನೀರು ಬಿದ್ರೆ ಕೆಂಪು. ಇದು ಮಕ್ಕಳಿಗೆ ಹೊಸದೇನಲ್ಲ, ಆರತಿ ತಟ್ಟೇಲಿ ಅರಿಶಿನದ ನೀರಿಗೆ ಚಿಟಿಕೆ ಸುಣ್ಣ ಹಾಕಿ ಕೆಂಪು ಓಕುಳಿ ಮಾಡೋದನ್ನ ಎಲ್ಲ ಮದುವೇಲೂ ನೋಡಿರ್ತಾರೆ. ಬಿಳಿ ಶರ್ಟಿನ ಮೇಲೆ ಸಾಂಬಾರ್ ಬಿದ್ದು ಅಮ್ಮ ಸೋಪು ಉಜ್ಜಿದಾಗ ಕೆಂಪಾಗಿದ್ದನ್ನೂ ನೋಡಿರ್ತಾರೆ, ಢೋಕ್ಲಾದಲ್ಲಿ ಸೋಡಾ ಸರಿಯಾಗಿ ಬೆರೀದೇ ಕೆಂಪು ಚುಕ್ಕೆ ಎದ್ದಿದ್ದೂ ಇದೇ. ಆ ಓಕುಳಿಗೇ ನಿಂಬೆಹಣ್ಣು ಹಿಂಡಿ ತೋರಿಸಿ, ಮತ್ತೆ ಹಳದಿ. ಇದನ್ನ ಮದುವೆ ಮನೇಲಿ ಯಾರೂ ಮಾಡಿರಲ್ಲ ನೋಡಿ, ಹಾಗಾಗಿ ಕ್ಲಾಸು ಗಪ್‌ಚುಪ್ ಆಗುತ್ತೆ.

ಅರಿಶಿನದ ಒಂದು ಕುತ್ತು ಮಾತ್ರ ಮಕ್ಕಳ ಬಾಯಿಂದಾನೇ ಬರಿಸಿ. ಹಳದಿ ಹಳದಿಯಾಗೇ ಉಳಿದ್ರೆ ಅದು ಆಮ್ಲಾನೋ ಬರೀ ನೀರೋ? ಅರಿಶಿನಕ್ಕೆ ಗೊತ್ತಿಲ್ಲ. ಹಾಗಾಗಿ ಎರಡನೇ ಸಾಕ್ಷಿ ಬೇಕು, ದಾಸವಾಳ ಕರೀಬೇಕು. ಒಂದು ಪೀರಿಯಡ್ ಪೂರ್ತಿ ಈ ಪ್ರಶ್ನೆಗೇ ಹೋದ್ರೂ ಹೋಗ್ಲಿ ಬಿಡಿ, ಡೆಫಿನಿಷನ್ ನಾಳೆ ಬರೆಸಿದ್ರಾಯ್ತು.

ಪ್ರಶ್ನೆ: ಎಲ್ಲ ಆಮ್ಲದಲ್ಲೂ ಆಮ್ಲಜನಕ ಇರ್ಬೇಕಲ್ವಾ ಸಾರ್, ಹೆಸರೇ ಹಾಗಿದೆ? ಆದ್ರೆ ಎಚ್‌ಸಿಎಲ್‌ನಲ್ಲಿ (ಹೈಡ್ರೋಕ್ಲೋರಿಕ್ ಆಮ್ಲ, ಬರೀ ಹೈಡ್ರೋಜನ್ ಕ್ಲೋರಿನ್) ಇಲ್ವಲ್ಲ. ಮಿಸ್‌ನ ಕೇಳಿದ್ರೆ ಅದೆಲ್ಲ ಎಕ್ಸಾಮಿಗೆ ಬರಲ್ಲ ಅಂದ್ರು.
(ಹತ್ತನೇ ಕ್ಲಾಸ್ ವಿದ್ಯಾರ್ಥಿ, ದಾವಣಗೆರೆ)

ಎಕ್ಸಾಮಿಗೆ ಬರದಿದ್ರೂ ಪರವಾಗಿಲ್ಲ ಕಣಪ್ಪ, ನೀನು ಕೇಳಿರೋದು ಇನ್ನೂರು ವರ್ಷದ ಹಿಂದೆ ಯುರೋಪಿನ ದೊಡ್ಡ ದೊಡ್ಡವರು ಜಗಳ ಆಡಿದ ಪ್ರಶ್ನೆ. ಫ್ರಾನ್ಸಿನ ಲವಾಸಿಯೇ ಗಂಧಕ, ರಂಜಕ ಎಲ್ಲ ಸುಟ್ಟು ನೋಡಿದ, ಸುಟ್ಟಿದ್ದನ್ನ ನೀರಿಗೆ ಹಾಕಿದ್ರೆ ಆಮ್ಲ ಬಂತು, ಓಹೋ ಈ ಗಾಳಿಯೇ ಆಮ್ಲಕ್ಕೆ ಮೂಲ ಅಂದ್ಕೊಂಡು ಅದಕ್ಕೆ ಆಕ್ಸಿಜನ್ ಅಂತ ಗ್ರೀಕ್ ಹೆಸರಿಟ್ಟ, ಅರ್ಥ ಆಮ್ಲ ಹುಟ್ಟಿಸೋದು ಅಂತ. ನಮ್ಮವರು ಅದನ್ನ ಅಚ್ಚುಕಟ್ಟಾಗಿ ಆಮ್ಲಜನಕ ಅಂತ ತಂದ್ರು. 1810ರಲ್ಲಿ ಇಂಗ್ಲೆಂಡಿನ ಹಂಫ್ರಿ ಡೇವಿ ಈ ಎಚ್‌ಸಿಎಲ್ ವಿಷಯದಲ್ಲೇ ತಕರಾರು ತೆಗೆದ. ಕ್ಲೋರಿನ್ ಒಂದು ಮೂಲವಸ್ತು, ಅದರೊಳಗೆ ಆಕ್ಸಿಜನ್ ಅಡಗಿಲ್ಲ, ಹಾಗಾಗಿ ಈ ಆಮ್ಲದಲ್ಲಿ ಆಕ್ಸಿಜನ್ ಇಲ್ಲವೇ ಇಲ್ಲ ಅಂದ. ಅಲ್ಲಿಗೆ ಲವಾಸಿಯೇ ಮಾತು ಬಿದ್ದುಹೋಯ್ತು. ಹೆಸರು ಮಾತ್ರ ಉಳ್ಕೊಂಡು ನಿನ್ನ ತಲೆ ತಿಂತಾ ಇದೆ.

ನಿಜವಾದ ಕಿತಾಪತಿ ಹೈಡ್ರೋಜನ್ನದು, ಅಂದ್ರೆ ನಮ್ಮ ಜಲಜನಕದ್ದು. ಸ್ವೀಡನ್ನಿನ ಅರ್ಹೇನಿಯಸ್ 1884ರಲ್ಲಿ ಡಾಕ್ಟರೇಟಿಗೆ ಬರೆದ ಪ್ರಬಂಧದಲ್ಲಿ ನೀರಿಗೆ ಹಾಕಿದ ಲವಣ, ಆಮ್ಲ ಎಲ್ಲ ಅಯಾನುಗಳಾಗಿ (ವಿದ್ಯುದಂಶ ಹೊತ್ತ ಕಣಗಳಾಗಿ) ಬಿಡಿಬಿಡಿಯಾಗುತ್ತೆ ಅಂತ ಹೇಳ್ದ, ಪರೀಕ್ಷೆ ಮಾಡಿದ ಪ್ರೊಫೆಸರುಗಳಿಗೆ ಅದು ಹಿಡಿಸಲಿಲ್ಲ, ಕಮ್ಮಿ ದರ್ಜೆ ಕೊಟ್ಟು ಕಳ್ಸಿದ್ರು, 1903ರಲ್ಲಿ ಅದೇ ವಿಚಾರಕ್ಕೆ ನೊಬೆಲ್ ಬಂತು. ನಿಮ್ಮ ಪುಸ್ತಕದಲ್ಲಿ ಆಮ್ಲ ಅಂದ್ರೆ ನೀರಲ್ಲಿ ಹೈಡ್ರೋಜನ್ ಅಯಾನು ಬಿಡೋದು, ಪ್ರತ್ಯಾಮ್ಲ ಹೈಡ್ರಾಕ್ಸೈಡ್ ಅಯಾನು ಬಿಡೋದು ಅಂತ ಇದೆಯಲ್ಲ, ಅದು ಅವನದೇ. ಮಿಸ್‌ಗೆ ಇದನ್ನ ಓದಿ ಹೇಳು, ಬೇಜಾರು ಮಾಡ್ಕೊಳಲ್ಲ.

ಪ್ರಶ್ನೆ: ನನ್ನ ಕ್ಲಾಸಿನ ಮಕ್ಕಳೆಲ್ಲ ಅಡಿಕೆ ತೋಟದ ಮನೆಯವರು. ತಟಸ್ಥೀಕರಣ ಅಂತ ಬೋರ್ಡ್ ಮೇಲೆ ಬರೆದ ತಕ್ಷಣ ಆಕಳಿಸ್ತಾರೆ. ಅವರಿಗೆ ಹತ್ತಿರ ಆಗೋ ಉದಾಹರಣೆ ಏನಾದ್ರೂ ಇದ್ಯಾ? ಹೊಟ್ಟೆ ಉರಿಗೆ ಆಂಟಾಸಿಡ್ ಬಿಟ್ಟು.
(ಒಬ್ಬ ಶಿಕ್ಷಕ, ತೀರ್ಥಹಳ್ಳಿ ತಾಲ್ಲೂಕು)

ಅಡಿಕೆ ತೋಟದ ಮಧ್ಯೆ ಕೂತ್ಕೊಂಡು ಉದಾಹರಣೆ ಕೇಳ್ತೀರಲ್ಲ ಸಾರ್! ಮಳೆ ಹಿಡಿಯೋ ಮುಂಚೆ ಅವರ ಅಪ್ಪಂದಿರು ಅಂಗಳದಲ್ಲಿ ಡ್ರಮ್ಮಿಟ್ಟು ಏನು ಕಲಸ್ತಾರೆ? ಮೈಲುತುತ್ತ (ಕಾಪರ್ ಸಲ್ಫೇಟ್), ಸುಣ್ಣ. ಕೊಳೆರೋಗದ ಔಷಧಿ, ಬೋರ್ಡೋ. ತಟಸ್ಥೀಕರಣ ಅಂದ್ರೆ ಆಮ್ಲ ಪ್ರತ್ಯಾಮ್ಲ ಸೇರಿ ಒಂದರ ಗುಣಾನ ಇನ್ನೊಂದು ಅಳಿಸೋದು ತಾನೇ, ಇಡೀ ಪಾಠ ಆ ಡ್ರಮ್ಮೊಳಗಿದೆ.

ಲೆಕ್ಕ ಮಕ್ಕಳಿಗೇ ಬರುತ್ತೆ, ಕೇಳಿ ನೋಡಿ. ಒಂದು ಪರ್ಸೆಂಟ್ ದ್ರಾವಣ ಅಂದ್ರೆ ಒಂದು ಕೇಜಿ ಮೈಲುತುತ್ತ 50 ಲೀಟರ್ ನೀರಲ್ಲಿ, ಒಂದು ಕೇಜಿ ಸುಣ್ಣ ಬೇರೆ 50 ಲೀಟರ್ ನೀರಲ್ಲಿ, ಆಮೇಲೆ ಎರಡೂ ಸೇರಿಸೋದು. ಕ್ಲಾಸಿಗೆ ಇದನ್ನೇ ಇಳಿಸ್ಕೊಳ್ಳಿ, ಹತ್ತು ಗ್ರಾಂ ಮೈಲುತುತ್ತ ಅರ್ಧ ಲೀಟರಿಗೆ, ಹತ್ತು ಗ್ರಾಂ ಅರಳಿಸಿದ ಸುಣ್ಣ ಇನ್ನರ್ಧ ಲೀಟರಿಗೆ, ಪ್ಲಾಸ್ಟಿಕ್ ಪಾತ್ರೇಲಿ. ಮೊದಲು ಬರೀ ಮೈಲುತುತ್ತದ ನೀರಿಗೆ ಪಿಎಚ್ ಕಾಗದ (7 ತಟಸ್ಥ, ಅದಕ್ಕಿಂತ ಕೆಳಗೆ ಆಮ್ಲ, ಮೇಲೆ ಪ್ರತ್ಯಾಮ್ಲ) ಅದ್ದಿ, 4ರ ಆಸುಪಾಸು ತೋರಿಸುತ್ತೆ, ಆಮ್ಲ. (ಹೂವಿನ ನೀರು ಇಲ್ಲಿ ಬೇಡ, ಮೈಲುತುತ್ತ ತಾನೇ ನೀಲಿ ಇರೋದ್ರಿಂದ ಯಾವ ಬಣ್ಣ ಯಾರದು ಅಂತ ಗೊತ್ತಾಗಲ್ಲ, ಕಾಗದದ ಪಟ್ಟೀನೇ ಸರಿ.) ಸುಣ್ಣದ ನೀರು 12ರ ಮೇಲೆ. ಈಗ ಮೈಲುತುತ್ತದ ನೀರನ್ನ ನಿಧಾನಕ್ಕೆ ಸುಣ್ಣದ ನೀರಿಗೆ ಹಾಕ್ತಾ ಕಡ್ಡೀಲಿ ಕಲಕ್ತಾ ಹೋಗಿ, ಆಕಾಶದ ಬಣ್ಣದ ಮೊಸರಿನ ಥರ ಆಗುತ್ತೆ, ತಾಮ್ರದ ಹೈಡ್ರಾಕ್ಸೈಡು ಸಣ್ಣ ಸಣ್ಣ ಕಣವಾಗಿ ತೇಲಾಡೋದದು, ಅದೇ ಗೊನೆಗೆ ಅಂಟಿ ಕೂತ್ಕೊಂಡು ಶಿಲೀಂಧ್ರಾನ ತಡೆಯೋದು.

ಆಮೇಲೆ ಮಕ್ಕಳನ್ನ ಕೇಳಿ, ಸರಿ ಆಗಿದ್ಯಾ ಇಲ್ವಾ ಅಂತ ಅಪ್ಪ ಹೇಗೆ ನೋಡ್ತಾರೆ? ಯಾರಾದ್ರೂ ಒಬ್ಬ ಹೇಳ್ತಾನೆ, ಕತ್ತಿ ಅದ್ದಿ ನೋಡ್ತಾರೆ ಅಂತ. ಕತ್ತಿ ಮೇಲೆ ಕೆಂಚು ಬಣ್ಣ ಕೂತ್ರೆ ಇನ್ನೂ ಸುಣ್ಣ ಬೇಕು ಅಂತ ಅರ್ಥ. ಯಾಕೆ? ಸುಣ್ಣ ಸಾಲದೇ ಇದ್ರೆ ತಾಮ್ರ ಇನ್ನೂ ನೀರಲ್ಲಿ ಬಿಡಿಯಾಗಿ ಓಡಾಡ್ತಾ ಇರುತ್ತೆ, ಕಬ್ಬಿಣ ಅದನ್ನ ಹೊರಗೆ ತಳ್ಳಿ ತಾನು ಕರಗುತ್ತೆ, ತಾಮ್ರ ಕತ್ತಿ ಮೇಲೆ ಕೂರುತ್ತೆ. ಅಂಥ ದ್ರಾವಣ ಹೊಡೆದ್ರೆ ಗೊನೆ ಎಲೆ ಸುಟ್ಟುಹೋಗುತ್ತೆ. ಕ್ಲಾಸಲ್ಲಿ ಕತ್ತಿ ಬದಲು ಉಜ್ಜಿದ ಕಬ್ಬಿಣದ ಮೊಳೆ ಸಾಕು. ಬೇಕಂತಲೇ ಒಂದು ಲೋಟದಲ್ಲಿ ಸುಣ್ಣ ಕಮ್ಮಿ ಹಾಕಿ, ಇನ್ನೊಂದರಲ್ಲಿ ಸರಿಯಾಗಿ ಹಾಕಿ, ಎರಡಕ್ಕೂ ಮೊಳೆ ಇಳಿಬಿಡಿ. ಆ ಹುಡುಗನ ಅಪ್ಪ ಶಾಲೆ ಬಿಟ್ಟಿದ್ರೂ ಈ ಟೆಸ್ಟು ಮಾಡ್ತಾ ಬಂದಿದ್ದಾರೆ ಅಂತ ಗೊತ್ತಾದಾಗ ಹುಡುಗ ಬೆಂಚಲ್ಲಿ ಸ್ವಲ್ಪ ನೆಟ್ಟಗೆ ಕೂರ್ತಾನೆ, ಅದನ್ನ ನಾನು ಕಣ್ಣಾರೆ ನೋಡಿದೀನಿ.

ಇಲ್ಲಿ ಒಂದು ಒಳ್ಳೆ ಪ್ರಶ್ನೆ ಹುಟ್ಟುತ್ತೆ, ಯಾರೂ ಕೇಳದಿದ್ರೆ ನೀವೇ ಕೇಳಿ. ಮೈಲುತುತ್ತ ಲವಣ ತಾನೇ? ಲವಣ ಅಂದ್ರೆ ತಟಸ್ಥ ಅಂತ ನಿನ್ನೆ ಬರೆಸಿದ್ರಲ್ಲ? ಮತ್ತೆ ಆಮ್ಲ ಹೇಗಾಯ್ತು? ಅಡುಗೆ ಉಪ್ಪಿನಂಥವು ಮಾತ್ರ ಸಭ್ಯ, ಪ್ರಬಲ ಆಮ್ಲ ಪ್ರಬಲ ಪ್ರತ್ಯಾಮ್ಲ ಎರಡೂ ಸಮಸಮ ಸೇರಿ ಹುಟ್ಟಿದವು. ಮೈಲುತುತ್ತಕ್ಕೆ ಅಪ್ಪ ಸಲ್ಫ್ಯೂರಿಕ್ ಆಮ್ಲ, ಭಾರಿ ಜೋರು, ಅಮ್ಮ ತಾಮ್ರದ ಹೈಡ್ರಾಕ್ಸೈಡು, ಬಡಪಾಯಿ, ಹಾಗಾಗಿ ಮಗು ಅಪ್ಪನ ಕಡೆ. ಸೋಡಾಪುಡಿ ಉಲ್ಟಾ, ಕಾಸ್ಟಿಕ್ ಸೋಡಾ ಜೋರು, ಕಾರ್ಬಾನಿಕ್ ಆಮ್ಲ ದುರ್ಬಲ, ಮಗು ಅಮ್ಮನ ಕಡೆ. ಈ ಅಪ್ಪ ಅಮ್ಮನ ಉಪಮೆ ಶಾಸ್ತ್ರೀಯ ಅಲ್ಲ ಅಂತ ಯಾರಾದ್ರೂ ಸಬ್ಜೆಕ್ಟ್ ಇನ್‌ಸ್ಪೆಕ್ಟರು ಬೈದ್ರೆ ನನ್ನ ಹೆಸರು ಹೇಳಿ.

ಕಥೆಯೂ ಇದೆ. ಫ್ರಾನ್ಸಿನ ಬೋರ್ಡೋ ಕಡೆ ದ್ರಾಕ್ಷಿ ತೋಟದವರು ರಸ್ತೆ ಬದಿ ಬಳ್ಳಿಗಳಿಗೆ ಕಳ್ಳರು ಹಣ್ಣು ಕೀಳದಿರಲಿ ಅಂತ ಮೈಲುತುತ್ತ ಸುಣ್ಣ ಕಲಸಿ ಎರಚ್ತಾ ಇದ್ರಂತೆ, ನೋಡೋಕೆ ವಿಷದ ಥರ ಕಾಣಲಿ ಅಂತ. ಮಿಲಾರ್ಡೆ ಅನ್ನೋ ಸಸ್ಯಶಾಸ್ತ್ರಜ್ಞ ಆ ದಾರೀಲಿ ಹೋಗ್ವಾಗ ನೋಡ್ತಾನೆ, ಒಳಗಿನ ಬಳ್ಳಿಗೆಲ್ಲ ಬೂಜುರೋಗ, ರಸ್ತೆ ಬದಿಯವು ಮಾತ್ರ ಹಸಿರಾಗಿವೆ. 1885ರಲ್ಲಿ ಆತ ಅದನ್ನ ಪ್ರಕಟಿಸ್ದ. ನಮ್ಮ ಕಡೆ ಈ ರೋಗದ ಹಿಂದೆ ಬಿದ್ದವರು ಲೆಸ್ಲಿ ಕೋಲ್ಮನ್, ಕೆನಡಾದವರು, 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದು ಅಡಿಕೆ ಕೊಳೆರೋಗ ಅಧ್ಯಯನ ಮಾಡಿ ಬೋರ್ಡೋ ಸಿಂಪಡಣೆ ಮಲೆನಾಡಿಗೆ ಹಬ್ಬೋಕೆ ಕಾರಣರಾದ್ರು. ಅದಕ್ಕೂ ಮುಂಚೆ ಗೊನೆಗೆ ಮಳೆ ತಾಗದ ಹಾಗೆ ಕೊಟ್ಟೆ ಅನ್ನೋ ಹೊದಿಕೆ ಕಟ್ಟೋದೊಂದೇ ದಾರಿ, ಅಜ್ಜಂದಿರನ್ನ ಕೇಳೋಕೆ ಹೋಂವರ್ಕ್ ಕೊಡಿ.

ಎಚ್ಚರಿಕೆ: ಮೈಲುತುತ್ತ ವಿಷ, ನೀವೇ ತೂಗಿ, ಮಕ್ಕಳ ಕೈಗೆ ಗ್ಲೌಸು, ಆಮೇಲೆ ಸೋಪಲ್ಲಿ ಕೈ ತೊಳೆಸಿ. ಸುಟ್ಟ ಸುಣ್ಣಾನ ಕ್ಲಾಸಲ್ಲಿ ಅರಳಿಸೋಕೆ ಹೋಗ್ಬೇಡಿ, ಕುದ್ದು ಸಿಡಿಯುತ್ತೆ, ಕಣ್ಣಿಗೆ ಬಿದ್ರೆ ಕಷ್ಟ.

ಪ್ರಶ್ನೆ: ನಿಂಬೆಹಣ್ಣು ಹೊರಗೆ ಆಮ್ಲ, ಹೊಟ್ಟೆ ಒಳಗೆ ಹೋದ್ರೆ ಕ್ಷಾರ ಆಗುತ್ತೆ, ರಕ್ತ ಕ್ಷಾರ ಆದ್ರೆ ಯಾವ ರೋಗವೂ ಬರಲ್ಲ ಅಂತ ನಮ್ಮ ಅಪಾರ್ಟ್‌ಮೆಂಟ್ ವಾಟ್ಸಾಪ್ ಗ್ರೂಪಲ್ಲಿ ಬಂದಿದೆ. ಮಗಳು ಅದನ್ನೇ ಟೆಸ್ಟಲ್ಲಿ ಬರೆದು ಮಾರ್ಕ್ಸ್ ಕಳ್ಕೊಂಡ್ಳು.
(ಒಬ್ಬ ಪೋಷಕರು, ಬೆಂಗಳೂರು)

ಟೀಚರ್ ಸರಿಯಾಗೇ ಕಟ್ ಮಾಡಿದ್ದಾರೆ. ನಿಂಬೆರಸ ಪಿಎಚ್ 2ರಿಂದ 2.5, ಹೊಟ್ಟೆ ಒಳಗಿನ ರಸವೂ ಅಷ್ಟೇ ಹುಳಿ, ಅದಕ್ಕಿಂತ ಹುಳಿಯೂ ಇರುತ್ತೆ, ಅಲ್ಲಿ ಹೋಗಿ ಕ್ಷಾರ ಆಗೋದೆಲ್ಲಿಂದ ಬಂತು. ಆಮೇಲೆ ಸಿಟ್ರಿಕ್ ಆಮ್ಲಾನ ದೇಹ ಸುಟ್ಟು ಕಾರ್ಬನ್ ಡೈಆಕ್ಸೈಡು ನೀರು ಮಾಡ್ಕೊಳ್ಳುತ್ತೆ, ಮೂತ್ರದ ಪಿಎಚ್ ಸ್ವಲ್ಪ ಆಚೀಚೆ ಆಗಬಹುದು, ಆ ಸುದ್ದಿಗೆ ಬಾಲ ಕೊಂಬು ಬಂದಿರೋದು ಅಲ್ಲಿಂದಾನೇ. ರಕ್ತದ್ದು 7.35ರಿಂದ 7.45, ಶ್ವಾಸಕೋಶ ಮೂತ್ರಪಿಂಡ ಎರಡೂ ಹಗಲು ರಾತ್ರಿ ಕಾವಲು ಕಾಯ್ತಾವೆ, ನಿಂಬೆ ಜ್ಯೂಸಿಗೆ ಅದು ಜಗ್ಗಲ್ಲ, ಜಗ್ಗಿದ್ರೆ ಐಸಿಯು. ನಿಂಬೆಗೆ ಜಗ್ಗೋದು ಹಲ್ಲು, 5.5ಕ್ಕಿಂತ ಕೆಳಗೆ ಹೋದ್ರೆ ಎನಾಮಲ್ ಕರಗೋಕೆ ಶುರು. ಇದನ್ನ ಗ್ರೂಪಲ್ಲಿ ಹಾಕಿ, ಯಾರೂ ಫಾರ್ವರ್ಡ್ ಮಾಡಲ್ಲ.

ಪ್ರಶ್ನೆ: ಪ್ರಬಲ ಆಮ್ಲಕ್ಕೆ ಜಾಸ್ತಿ ನೀರು ಹಾಕಿದ್ರೆ ದುರ್ಬಲ ಆಮ್ಲ ಆಗುತ್ತಲ್ವಾ? ಇನ್ನೂ ಇನ್ನೂ ಹಾಕ್ತಾ ಹೋದ್ರೆ ಪ್ರತ್ಯಾಮ್ಲ ಆಗ್ಬಿಡುತ್ತಾ?
(ವಿದ್ಯಾರ್ಥಿನಿ, ಹುಬ್ಬಳ್ಳಿ)

ಎರಡೂ ಇಲ್ಲ ತಂಗಿ. ಪ್ರಬಲ ದುರ್ಬಲ ಅನ್ನೋದು ಸ್ವಭಾವ, ಸಾರೀಕೃತ (ನೀರು ಕಮ್ಮಿ) ಸಾರರಿಕ್ತ (ನೀರು ಜಾಸ್ತಿ) ಅನ್ನೋದು ನೀರಿನ ಲೆಕ್ಕ. ನಮ್ಮ ಮೇಷ್ಟ್ರುಗಳು ಎಷ್ಟೋ ಜನ ಸಾರೀಕೃತಕ್ಕೂ ಪ್ರಬಲ ಅಂತಾನೇ ಅಂದುಬಿಡೋದ್ರಿಂದ ಈ ಗೊಂದಲ. ಎಚ್‌ಸಿಎಲ್ ನೀರಿಗೆ ಬಿದ್ರೆ ಹೆಚ್ಚುಕಮ್ಮಿ ಎಲ್ಲ ಅಣುವೂ ಒಡೆದು ಹೈಡ್ರೋಜನ್ ಅಯಾನು ಬಿಟ್ಟುಕೊಡುತ್ತೆ, ಒಂದು ಹನಿ ಇರ್ಲಿ ಒಂದು ಕ್ಯಾನ್ ಇರ್ಲಿ. ವಿನೆಗರಿನ ಅಸಿಟಿಕ್ ಆಮ್ಲ ಜುಗ್ಗ, ನೂರರಲ್ಲಿ ಒಂದೋ ಎರಡೋ ಅಣು ಒಡೆದ್ರೆ ಹೆಚ್ಚು. ಎರಡು ಲೋಟದಲ್ಲಿ ಒಂದೇ ಸಾರತೆಯ ಎರಡೂ ಆಮ್ಲ ತಗೊಂಡು ಮೆಗ್ನೀಸಿಯಂ ಪಟ್ಟಿ ಹಾಕಿ ನೋಡು, ಒಂದು ಬುಸುಬುಸು ಅನ್ನುತ್ತೆ, ಇನ್ನೊಂದು ಗೊಣಗುತ್ತೆ.

ನೀರು ಹಾಕೋ ವಿಷಯ. ಪಿಎಚ್ ಅನ್ನೋ ಅಳತೆ ಮಾಡಿದ್ದು ಸೋರೆನ್‌ಸನ್, 1909ರಲ್ಲಿ, ಡೆನ್ಮಾರ್ಕಿನ ಒಂದು ಬಿಯರ್ ಕಂಪನಿ ಲ್ಯಾಬಲ್ಲಿ (ಇದನ್ನ ಕ್ಲಾಸಲ್ಲಿ ಹೇಳಿದ್ರೆ ಹಿಂದಿನ ಬೆಂಚು ಮರೆಯಲ್ಲ). ಒಂದು ಮೆಟ್ಟಿಲು ಅಂದ್ರೆ ಹತ್ತು ಪಟ್ಟು. ಪಿಎಚ್ 1 ಇರೋ ಎಚ್‌ಸಿಎಲ್ ಒಂದು ಲೋಟಕ್ಕೆ ಒಂಬತ್ತು ಲೋಟ ನೀರು ಸೇರ್ಸಿದ್ರೆ 2, ಅದರಲ್ಲೊಂದು ಲೋಟ ತಗೊಂಡು ಮತ್ತೆ ಒಂಬತ್ತು ಸೇರ್ಸಿದ್ರೆ 3. ಹೀಗೇ ಹೋಗ್ತಾ 7ರ ಹತ್ರ ಬಂದ್ರೆ ಅಲ್ಲೇ ನಿಂತುಬಿಡುತ್ತೆ, ದಾಟಲ್ಲ, ಯಾಕಂದ್ರೆ ಈಗ ಲೋಟದಲ್ಲಿರೋದು ಆಮ್ಲದ ಸಂಬಂಧವೇ ಇಲ್ಲದ ನೀರು, ನೀರು 7 ದಾಟಲ್ಲ. ನಿಜಕ್ಕೂ ಮಾಡಿ ನೋಡಿದ್ರೆ 7ಕ್ಕೂ ಬರಲ್ಲ, ಗಾಳೀಲಿರೋ ಕಾರ್ಬನ್ ಡೈಆಕ್ಸೈಡ್ ಕರಗಿ ನೀರು ತಾನೇ ಸ್ವಲ್ಪ ಹುಳಿಯಾಗಿರುತ್ತೆ. ಗಲೀಜಿಲ್ಲದ ಮಳೆನೀರೂ 5.6ರ ಹತ್ರ ಇರೋದು ಅದಕ್ಕೇ.

ಪ್ರಶ್ನೆ: ಆಮ್ಲಕ್ಕೆ ನೀರು ಹಾಕಬಾರದು, ನೀರಿಗೆ ಆಮ್ಲ ಹಾಕಬೇಕು ಅಂತಾರೆ. ಎರಡೂ ಒಂದೇ ಅಲ್ವಾ?
(ವಿದ್ಯಾರ್ಥಿ, ರಾಯಚೂರು)

ಕೊನೆಗೆ ಸಿಗೋದು ಒಂದೇ, ದಾರಿ ಬೇರೆ. ಸಾರೀಕೃತ ಸಲ್ಫ್ಯೂರಿಕ್ ಆಮ್ಲ ನೀರಿಗೆ ಸೇರಿದ್ರೆ ವಿಪರೀತ ಬಿಸಿ ಏಳುತ್ತೆ. ನೀರು ಜಾಸ್ತಿ ಇದ್ರೆ ಆ ಬಿಸೀನ ಕುಡಿದುಬಿಡುತ್ತೆ. ಆಮ್ಲದ ಮೇಲೆ ಎರಡು ಹನಿ ನೀರು ಬಿದ್ರೆ ಕಾದ ಬಾಣಲೆ ಮೇಲೆ ಬಿದ್ದ ಹಾಗೆ, ನೀರು ಹಗುರ, ಮೇಲೇ ನಿಂತು ಅಲ್ಲೇ ಕುದ್ದು ಆಮ್ಲಾನ ಮುಖಕ್ಕೆ ಎಗರಿಸುತ್ತೆ. ಮೈಗೆ ಬಿದ್ರೆ ಸೋಡಾಪುಡಿ ಹುಡುಕ್ತಾ ನಿಲ್ಬೇಡ, ತಟಸ್ಥೀಕರಣದ ಬಿಸಿ ಗಾಯಕ್ಕೆ ಇನ್ನೊಂದು ಪೆಟ್ಟು, ನಲ್ಲಿ ಕೆಳಗೆ ಕೈಯಿಟ್ಟು ಇಪ್ಪತ್ತು ನಿಮಿಷ ಬರೀ ನೀರು ಬಿಡು, ಆಮೇಲೆ ಡಾಕ್ಟರು. ಬಾತ್‌ರೂಮ್ ಆಸಿಡ್ಡನ್ನ ಬ್ಲೀಚಿಂಗ್ ಪೌಡರ್ ಜೊತೆ ಸೇರಿಸೋದು ಅದಕ್ಕಿಂತ ಕೆಟ್ಟದ್ದು, ಕ್ಲೋರಿನ್ ಬರುತ್ತೆ, ಅಮ್ಮನಿಗೂ ಹೇಳು.

ನಮ್ಮ ಕಾಲದಲ್ಲಿ ಪಿಪೆಟ್ಟನ್ನ (ದ್ರಾವಣ ಅಳೆದು ತೆಗೆಯೋ ಗಾಜಿನ ನಳಿಕೆ) ಬಾಯಲ್ಲೇ ಎಳೀತಿದ್ವಿ. ನಾನು ಮೊದಲ ವರ್ಷ ಕೆಲಸಕ್ಕೆ ಸೇರಿದಾಗ ಮಕ್ಕಳಿಗೆ ಟೈಟ್ರೇಷನ್ ತೋರಿಸೋ ಗತ್ತಲ್ಲಿ ಕಾಸ್ಟಿಕ್ ಸೋಡಾ ದ್ರಾವಣ ಒಂದು ಗುಟುಕು ನಾಲಿಗೆ ಮೇಲೆ ಬಂತು. ಸಾರರಿಕ್ತ ಆಗಿದ್ದಕ್ಕೆ ಬಚಾವ್. ಪುಸ್ತಕದಲ್ಲಿ ಪ್ರತ್ಯಾಮ್ಲ ಜಾರುತ್ತೆ, ಸೋಪಿನ ಹಾಗಿರುತ್ತೆ ಅಂತ ಇರುತ್ತಲ್ಲ, ಅದು ಚರ್ಮದ ಎಣ್ಣೇನೇ ಸೋಪಾಗಿ ಹೋಗೋದು ಅಂತ ನನಗೆ ಅವತ್ತು ಬಾಯಲ್ಲೇ ಗೊತ್ತಾಯ್ತು, ಮೂರು ದಿನ ಅನ್ನ ಸಾರು ರುಚಿ ಇಲ್ಲ. ಈಗ ರಬ್ಬರ್ ಬಲ್ಬ್ ಬಂದಿದೆ, ಶಾಲೇಲಿ ಇಲ್ಲ ಅಂದ್ರೆ ಸೂಜಿ ತೆಗೆದ ಸಿರಿಂಜ್ ತಗೊಳ್ಳಿ.

ಪ್ರಶ್ನೆ: ಲೋಕಾಯುಕ್ತದವರು ಲಂಚ ತಗೊಂಡವರ ಕೈ ತೊಳೆಸಿದ್ರೆ ನೀರು ಗುಲಾಬಿ ಆಗುತ್ತಲ್ಲ, ಅದೂ ಇದೇ ಪಾಠಾನಾ?
(ಒಂಬತ್ತನೇ ಕ್ಲಾಸ್, ಮಂಡ್ಯ)

ಇದೇ ಪಾಠ. ನೋಟಿಗೆ ಫಿನಾಫ್ಥಲೀನ್ ಪುಡಿ ಸವರಿರ್ತಾರೆ, ಕಣ್ಣಿಗೆ ಕಾಣೋದು ಕಷ್ಟ, ಮುಟ್ಟಿದವನ ಬೆರಳಿಗೆ ಅಂಟುತ್ತೆ. ತೊಳೆಯೋಕೆ ಕೊಡೋದು ಬರೀ ನೀರಲ್ಲ, ಸೋಡಿಯಂ ಕಾರ್ಬೊನೇಟ್ ದ್ರಾವಣ, ಅಂದ್ರೆ ವಾಷಿಂಗ್ ಸೋಡಾ. ಫಿನಾಫ್ಥಲೀನು ಆಮ್ಲದಲ್ಲೂ ನೀರಲ್ಲೂ ಬಣ್ಣ ತೋರಿಸಲ್ಲ, ಪಿಎಚ್ 8.2 ದಾಟಿದ್ರೆ ಗುಲಾಬಿ ಏರೋಕೆ ಶುರು. ಆ ನೀರನ್ನ ಬಾಟ್ಲಿಗೆ ತುಂಬಿ ಸೀಲ್ ಮಾಡಿ ಲ್ಯಾಬಿಗೆ ಕಳಿಸ್ತಾರೆ.

ಕ್ಲಾಸಲ್ಲಿ ಮಾಡೋದಾದ್ರೆ ನೋಟು ಬೇಡ, ಕಾಗದದ ಚೂರು ಸಾಕು, ಪುಡಿ ಮುಟ್ಟಿದ ಕೈ ಬಾಯಿಗಿಡಬೇಡ, ಒಂದು ಕಾಲದಲ್ಲಿ ಅದನ್ನ ಭೇದಿ ಮಾತ್ರೆಯಾಗಿ ಕೊಡ್ತಿದ್ರು. ಇನ್ನೊಂದು ಇದೆ, ಸುಣ್ಣದ ತಿಳಿನೀರಿಗೆ ಎರಡು ಹನಿ ಫಿನಾಫ್ಥಲೀನ್ ಹಾಕಿ ಗುಲಾಬಿ ಮಾಡ್ಕೊಂಡು ಸ್ಟ್ರಾ ಇಟ್ಟು ಮೆಲ್ಲಗೆ ಊದು (ಎಳೀಬೇಡ, ನನ್ನ ನಾಲಿಗೆ ಕಥೆ ಮೇಲಿದೆ). ಮೊದಲು ನೀರು ಹಾಲಾಗುತ್ತೆ, ಆಮೇಲೆ ಗುಲಾಬಿ ಮಾಯ. ನಿನ್ನ ಉಸಿರಲ್ಲಿ ಯಾವ ಆಮ್ಲ ಇತ್ತು ಅಂತ ಮುಂದಿನ ಪತ್ರದಲ್ಲಿ ನೀನೇ ಬರಿ.